ಹಳೆ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಮ್ಯಾಕ್ರೊ: ಕೋಲಾರದ ಮಂಡಿ, ಮಿಲ್ಲು, ಸೊಸೈಟಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಎಪಿಎಂಸಿ ಯಾರ್ಡ್‌ನ ಟೊಮೆಟೊ ಮಂಡಿಗಳು, ಶ್ರೀನಿವಾಸಪುರದ ಮಾವಿನ ಮಂಡಿಗಳು, ಮಾಲೂರು ಬಂಗಾರಪೇಟೆ ಕಡೆಯ ಸಣ್ಣ ಕಾರ್ಖಾನೆಗಳು, ಊರೂರಿನ ಸೊಸೈಟಿಗಳು. ಇಂಥ ಕಡೆ ಇವತ್ತಿಗೂ ಹಳೆ ಫಾಕ್ಸ್‌ಪ್ರೊ (ಟೇಬಲ್‌ಗಳಲ್ಲಿ ಡೇಟಾ ಇಡುವ ಹಳೆ ಪ್ರೋಗ್ರಾಂ ಭಾಷೆ) ಪ್ರೋಗ್ರಾಂ ಸಿಗುತ್ತದೆ, ಇಲ್ಲಾಂದ್ರೆ ಮ್ಯಾಕ್ರೊ ತುಂಬಿದ ಎಕ್ಸೆಲ್ ಫೈಲ್ ಸಿಗುತ್ತದೆ. ಬರೆದುಕೊಟ್ಟವರು ಯಾವತ್ತೋ ಬೆಂಗಳೂರು ಸೇರಿದ್ದಾರೆ. ನೋಡಿಕೊಳ್ಳುವ ಕೆಲಸ ಬಿಕಾಂ, ಬಿಸಿಎ ಮುಗಿಸಿ ಬಂದ ಹುಡುಗ ಹುಡುಗಿಯರ ತಲೆ ಮೇಲೆ ಬಿದ್ದಿದೆ. ಈ ಪುಟ ಅವರಿಗಾಗಿ.

ಕೋಡ್ ಸಾಲುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕಂಪ್ಯೂಟರ್‌ನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲಿ ಇರುತ್ತವೆ, ಅಷ್ಟೇ ವ್ಯತ್ಯಾಸ. ಉದಾಹರಣೆಗಳಲ್ಲಿ ಬರುವ ದರಗಳು ಲೆಕ್ಕ ತೋರಿಸಲು ಇಟ್ಟುಕೊಂಡವು.

ಮ್ಯಾಕ್ರೊ ಅಂದರೆ ನಿಜವಾಗಿ ಏನು? ಒಬ್ಬೊಬ್ಬರು ಒಂದೊಂದು ಹೇಳ್ತಾರಲ್ಲ?

ಎಲ್ಲರೂ ಹೇಳುವುದು ಸರಿಯೇ. ಎಕ್ಸೆಲ್ ಬಳಸುವವರಿಗೆ ಮ್ಯಾಕ್ರೊ ಅಂದರೆ ಬಟನ್ ಒತ್ತಿದಾಗ ಓಡುವ ವಿಬಿಎ (ಎಕ್ಸೆಲ್ ಒಳಗಿನ ಪ್ರೋಗ್ರಾಂ ಭಾಷೆ) ಪ್ರೋಗ್ರಾಂ. ಫಾಕ್ಸ್‌ಪ್ರೊದವರಿಗೆ & ಚಿಹ್ನೆ. ಸಿ ಭಾಷೆ ಅಥವಾ ಕ್ಲಿಪ್ಪರ್ (ಫಾಕ್ಸ್‌ಪ್ರೊ ಥರದ್ದೇ ಹಳೆ ಭಾಷೆ) ಗೊತ್ತಿರುವವರಿಗೆ #ಡಿಫೈನ್ ಎಂಬ ಸಾಲು. ಕೋಬಾಲ್ ಎಂಬ ಹಳೆ ಭಾಷೆಯಲ್ಲಿ ಇದೇ ಕೆಲಸವನ್ನು ಕಾಪಿ ರಿಪ್ಲೇಸಿಂಗ್ ಎಂಬ ಸಾಲು ಮಾಡುತ್ತದೆ.

ಫಾಕ್ಸ್‌ಪ್ರೊ, ಕ್ಲಿಪ್ಪರ್, ಸಿ ಮೂರರಲ್ಲೂ ಕಣ್ಣಿಗೆ ಕಾಣುವ ಸಾಲು ಬೇರೆ, ನಿಜವಾಗಿ ಓಡುವ ಸಾಲು ಬೇರೆ. ಓಡುವ ಮೊದಲು ಅಲ್ಲಿನ ಅಕ್ಷರಗಳೇ ಬದಲಾಗುತ್ತವೆ. ಎಕ್ಸೆಲ್‌ನಲ್ಲಿ ಸಾಲು ಬದಲಾಗುವುದಿಲ್ಲ, ಅದು ಯಾವ ಶೀಟಿನ ಮೇಲೆ ಓಡುತ್ತದೆ ಅನ್ನುವುದು ಬದಲಾಗುತ್ತದೆ. ಹಾಗಾಗಿ ಮ್ಯಾಕ್ರೊ ಕಂಡ ತಕ್ಷಣ "ಇದನ್ನು ಹೇಗೆ ತಿದ್ದಲಿ" ಅಂತ ಕೇಳಬೇಡಿ. "ಇದು ಕೊನೆಗೆ ಏನಾಗುತ್ತದೆ" ಅಂತ ಕೇಳಿ. ಆ ಉತ್ತರ ಕಣ್ಣಾರೆ ನೋಡುವ ತನಕ ಒಂದಕ್ಷರವೂ ಮುಟ್ಟಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಫಾಕ್ಸ್‌ಪ್ರೊ ಕೋಡ್ ತುಂಬಾ & ಇದೆ. ಹೇಗೆ ಓದಬೇಕು?

& ಆದಮೇಲೆ ಒಂದು ವೇರಿಯೇಬಲ್ (ಬೆಲೆ ತುಂಬಿಟ್ಟುಕೊಳ್ಳುವ ಜಾಗ) ಹೆಸರು ಇರುತ್ತದೆ. ಫಾಕ್ಸ್‌ಪ್ರೊ ಆ ಹೆಸರು ತೆಗೆದು, ಅದರೊಳಗಿನ ಅಕ್ಷರಗಳನ್ನು ಅಲ್ಲಿ ಕೂರಿಸುತ್ತದೆ. ಆಮೇಲೆ ಸಾಲನ್ನು ಓಡಿಸುತ್ತದೆ. ಒಂದು ಉದಾಹರಣೆ ನೋಡಿ:

ವರ್ಷ = "24"
ಯೂಸ್ ಬಿಲ್&ವರ್ಷ..ಡಿಬಿಎಫ್

ಯೂಸ್ ಅಂದರೆ ಫೈಲ್ ತೆರೆ ಅಂತ, ಡಿಬಿಎಫ್ ಅಂದರೆ ಫಾಕ್ಸ್‌ಪ್ರೊದ ಟೇಬಲ್ ಫೈಲ್. ಇದು ಓಡುವಾಗ "ಯೂಸ್ ಬಿಲ್24.ಡಿಬಿಎಫ್" ಆಗುತ್ತದೆ. ಎರಡು ಚುಕ್ಕಿ ಇರುವುದು ಟೈಪಿಂಗ್ ತಪ್ಪಲ್ಲ. ಮೊದಲನೆಯದು "ವೇರಿಯೇಬಲ್ ಹೆಸರು ಇಲ್ಲಿಗೆ ಮುಗಿಯಿತು" ಅಂತ ಹೇಳುವ ಚುಕ್ಕಿ. ಎರಡನೆಯದು ಫೈಲ್ ಹೆಸರಿನ ಚುಕ್ಕಿ. "ಯಾರೋ ಎರಡು ಸಲ ಒತ್ತಿದ್ದಾರೆ" ಅಂದುಕೊಂಡು ಒಂದನ್ನು ಅಳಿಸಿದರೆ ಅದು "ಬಿಲ್24ಡಿಬಿಎಫ್" ಆಗಿಬಿಡುತ್ತದೆ. ಅಂಥ ಫೈಲ್ ಎಲ್ಲೂ ಇರುವುದಿಲ್ಲ.

ಇನ್ನೊಂದೆರಡು ಸಂಗತಿ. && ಅಂತ ಎರಡು ಒಟ್ಟಿಗೆ ಬಂದರೆ ಅದು ಮ್ಯಾಕ್ರೊ ಅಲ್ಲ. ಅಲ್ಲಿಂದ ಸಾಲಿನ ಕೊನೆವರೆಗೆ ಬರೆದವರ ಟಿಪ್ಪಣಿ. ವಿಬಿಎಯಲ್ಲಿ & ಎರಡು ಪದಗಳನ್ನು ಜೋಡಿಸುತ್ತದೆ, ಸಿ ಭಾಷೆಯಲ್ಲಿ ಮೆಮೊರಿ ವಿಳಾಸ ಕೊಡುತ್ತದೆ. ಒಂದು ಭಾಷೆಯ ಅಭ್ಯಾಸದಲ್ಲಿ ಇನ್ನೊಂದನ್ನು ಓದಬೇಡಿ.

ಹಾಗೇ, ಫಾಕ್ಸ್‌ಪ್ರೊದಲ್ಲಿ ಉದ್ಧರಣ ಚಿಹ್ನೆಯ ಒಳಗಿದ್ದರೂ & ಕೆಲಸ ಮಾಡುತ್ತದೆ. ಬಿಲ್ಲಿನ ತಲೆಬರಹದಲ್ಲಿ "ಎಂ&ಕೆ ಟ್ರೇಡರ್ಸ್" ಅಂತ ಬರೆದಿದ್ದು, ಪ್ರೋಗ್ರಾಂನಲ್ಲಿ ಎಲ್ಲೋ "ಕೆ" ಅನ್ನುವ ಹೆಸರಿನ, ಅಕ್ಷರ ತುಂಬಿದ ವೇರಿಯೇಬಲ್ ಇದ್ದರೆ, ಅಂಗಡಿಯ ಹೆಸರೇ ಬದಲಾಗಿ ಪ್ರಿಂಟ್ ಆಗುತ್ತದೆ. ಆ ವೇರಿಯೇಬಲ್ ಇಲ್ಲದ ಹೊತ್ತಿನಲ್ಲಿ ಸರಿಯಾಗಿ ಬರುತ್ತದೆ. ಪ್ರಿಂಟರ್ ದೋಷ ಅಂತ ಪ್ರಿಂಟರ್ ರಿಪೇರಿಯವರನ್ನು ಕರೆಸುವ ಮೊದಲು ಇದನ್ನು ನೋಡಿ.

ಹಮಾಲಿ ಲೆಕ್ಕ ಎಲ್ಲಿದೆ ಅಂತ ಇಡೀ ಕೋಡ್ ಹುಡುಕಿದೆ, ಸಿಗಲೇ ಇಲ್ಲ. ಬಿಲ್ಲಿನಲ್ಲಿ ಮಾತ್ರ ಸರಿಯಾಗಿ ಬರ್ತಿದೆ. ಹೇಗೆ?

ಲೆಕ್ಕ ಕೋಡ್‌ನಲ್ಲಿ ಇಲ್ಲ, ಡೇಟಾದಲ್ಲಿದೆ. ಹಳೆ ಪ್ರೋಗ್ರಾಮರ್‌ಗಳು ಇದನ್ನು ತುಂಬಾ ಬಳಸುತ್ತಿದ್ದರು. ಸರಕಿನ ಮಾಸ್ಟರ್ ಟೇಬಲ್ ತೆರೆದು ನೋಡಿ. ಪ್ರತಿ ಸರಕಿನ ಮುಂದೆ ಅಕ್ಷರಗಳನ್ನು ತುಂಬುವ ಒಂದು ಫೀಲ್ಡ್ (ಟೇಬಲ್‌ನ ಕಾಲಂ) ಇರುತ್ತದೆ. ಟೊಮೆಟೊ ಸಾಲಿನಲ್ಲಿ "ಬಾಕ್ಸ್ * 5" ಅಂತಲೂ ಹುಣಸೆ ಸಾಲಿನಲ್ಲಿ "ತೂಕ / 100 * 40" ಅಂತಲೂ ಇರಬಹುದು. ಕೋಡ್‌ನಲ್ಲಿ ಇರುವುದು ಇಷ್ಟೇ:

ಸೂ = ಮಾಸ್ಟರ್.ಸೂತ್ರ
ಹಮಾಲಿ = &ಸೂ

ಟೇಬಲ್‌ನ ಫೀಲ್ಡ್‌ಗೆ ನೇರವಾಗಿ & ಹಾಕಲು ಬರುವುದಿಲ್ಲ. ಅದಕ್ಕೇ ಮೊದಲು ವೇರಿಯೇಬಲ್‌ಗೆ ತುಂಬಿಕೊಂಡು ಆಮೇಲೆ & ಹಾಕಿದ್ದಾರೆ. ಇಂಥ ಎರಡು ಸಾಲಿನ ಜೋಡಿ ಕಂಡರೆ ಅಲ್ಲೇ ನಿಲ್ಲಿ. ವ್ಯಾಪಾರದ ನಿಯಮ ಟೇಬಲ್‌ನಲ್ಲಿ ಕೂತಿದೆ ಅಂತ ಅರ್ಥ.

ಇದು ಕೆಟ್ಟ ಪದ್ಧತಿ ಅಂತ ಹೊಸಬರು ಬೈಯುತ್ತಾರೆ. ನಾನು ಬೈಯುವುದಿಲ್ಲ. ಟೊಮೆಟೊ ಬಾಕ್ಸ್ ಲೆಕ್ಕದಲ್ಲಿ ನಡೆಯುತ್ತದೆ, ಕೋಲಾರದಲ್ಲಿ ಬಾಕ್ಸ್ ಅಂದರೆ 15 ಕೆಜಿ. ಹುಣಸೆ ಕ್ವಿಂಟಲ್ ಲೆಕ್ಕ. ಒಂದೇ ಮಂಡಿಯಲ್ಲಿ ಎರಡೂ ಬರುತ್ತವೆ. ಹಮಾಲಿ ದರ ಏರಿದಾಗಲೆಲ್ಲ ಪ್ರೋಗ್ರಾಮರ್‌ಗೆ ಫೋನ್ ಮಾಡದೆ ಮಂಡಿಯವರೇ ತಿದ್ದಿಕೊಳ್ಳಲಿ ಅಂತ ಯೋಚಿಸಿ ಮಾಡಿದ ಕೆಲಸ ಅದು. ತೊಂದರೆ ಏನಂದರೆ, ಯಾರಾದರೂ ಆ ಫೀಲ್ಡ್‌ನಲ್ಲಿ ಸುಮ್ನೆ ಒಂದು ಅಕ್ಷರ ತಪ್ಪಾಗಿ ಒತ್ತಿದರೂ ಬಿಲ್ಲು ಮಾಡುವ ಹೊತ್ತಿಗೇ ಪ್ರೋಗ್ರಾಂ ನಿಲ್ಲಬಹುದು. ಆ ಟೇಬಲ್‌ನ ಒಂದು ಪ್ರಿಂಟ್ ತೆಗೆದು ಫೈಲ್‌ನಲ್ಲಿ ಇಡಿ. ನಿಮ್ಮ ಸಾಫ್ಟ್‌ವೇರ್‌ನ ಅತಿ ಮುಖ್ಯ ದಾಖಲೆ ಅದೇ.

ಎಕ್ಸೆಲ್‌ನಲ್ಲೂ ಹೀಗೇ ಬಚ್ಚಿಟ್ಟ ಶೀಟುಗಳು ಇರುತ್ತವೆ. ಬಲ ಕ್ಲಿಕ್ ಮಾಡಿ ಅನ್‌ಹೈಡ್ ನೋಡಿದರೂ ಕೆಲವು ಕಾಣುವುದಿಲ್ಲ. ಅವಕ್ಕೆ "ವೆರಿ ಹಿಡನ್" ಅಂತ ಇಟ್ಟಿರುತ್ತಾರೆ. ಆಲ್ಟ್ ಮತ್ತು ಎಫ್11 ಒತ್ತಿ ವಿಬಿಎ ಎಡಿಟರ್ ತೆರೆದರೆ ಎಡಗಡೆ ಪಟ್ಟಿಯಲ್ಲಿ ಎಲ್ಲ ಶೀಟಿನ ಹೆಸರೂ ಕಾಣುತ್ತದೆ.

ವೇರಿಯೇಬಲ್ ಹೆಸರುಗಳೇ ಅರ್ಥ ಆಗಲ್ಲ. ಏನು ಮಾಡೋದು?

ಹಳೆ ಡಿಬಿಎಫ್ ಟೇಬಲ್‌ನಲ್ಲಿ ಫೀಲ್ಡ್ ಹೆಸರು 10 ಅಕ್ಷರ ದಾಟುವಂತಿಲ್ಲ. ಅದಕ್ಕೇ ಎಲ್ಲ ಮೊಟಕಾಗಿವೆ. ನಮ್ಮ ಕಡೆ ಇನ್ನೊಂದು ವಿಷಯವೂ ಇದೆ. ಕೋಲಾರದಲ್ಲಿ ಕನ್ನಡ, ತೆಲುಗು ಎರಡೂ ಬೆರೆತ ಮಾತು. ಕೋಡ್‌ನಲ್ಲೂ ಹಾಗೇ ಬರುತ್ತದೆ. "ಬಾಕಿ", "ಕೂಲಿ" ಪಕ್ಕದಲ್ಲೇ "ಪೆಟ್ಟೆ" ಇದ್ದರೆ ಅದು ಬಾಕ್ಸಿನ ಎಣಿಕೆ. ಗೊತ್ತಾಗದಿದ್ದರೆ ಮಂಡಿಯ ಹಳೆ ರೈಟರ್ ಹತ್ತಿರ ಹೋಗಿ ಕೇಳಿ. ಕಂಪ್ಯೂಟರ್ ಗೊತ್ತಿಲ್ಲದಿದ್ದರೂ ಅವರು ಥಟ್ಟನೆ ಹೇಳುತ್ತಾರೆ.

#ಡಿಫೈನ್ ಮ್ಯಾಕ್ರೊದಲ್ಲಿ ದುಡ್ಡಿನ ಲೆಕ್ಕ ತಪ್ಪಾಗಬಹುದಾ?

ಆಗಬಹುದು, ರೈತರ ಬಿಲ್ಲಿನಲ್ಲೇ ಆಗಬಹುದು. ಸಿ ಮತ್ತು ಕ್ಲಿಪ್ಪರ್ 5ರಲ್ಲಿ ಹೀಗೆ ಬರೆಯಬಹುದು:

#ಡಿಫೈನ್ ಉಳಿಕೆ(ಅ, ಬ) ಅ - ಬ

ನೋಡಲು ಸರಿಯಾಗೇ ಇದೆ. ಒಟ್ಟು ಮೊತ್ತದಿಂದ ಖರ್ಚು ಕಳೆಯುತ್ತದೆ. ಈಗ ಒಬ್ಬರು ಇದನ್ನು ಹೀಗೆ ಬಳಸುತ್ತಾರೆ:

ಪಾವತಿ = ಉಳಿಕೆ(ಮೊತ್ತ, ಹಮಾಲಿ + ಬಾಡಿಗೆ)

60 ಬಾಕ್ಸ್, ಬಾಕ್ಸಿಗೆ 150 ರೂಪಾಯಿ, ಮೊತ್ತ 9,000. ಹಮಾಲಿ 300, ಗಾಡಿ ಬಾಡಿಗೆ 600. ರೈತರಿಗೆ ಸಿಗಬೇಕಾದ್ದು 8,100. ಆದರೆ ಮ್ಯಾಕ್ರೊ ಲೆಕ್ಕ ಮಾಡುವುದಿಲ್ಲ, ಅಕ್ಷರ ಬದಲಾಯಿಸುತ್ತದೆ ಅಷ್ಟೆ. ಓಡುವ ಸಾಲು "ಮೊತ್ತ - ಹಮಾಲಿ + ಬಾಡಿಗೆ" ಆಗುತ್ತದೆ. 9,000ದಲ್ಲಿ 300 ಕಳೆದು 600 ಕೂಡಿಸಿದರೆ 9,300. ಕಳೆಯಬೇಕಾದ ಬಾಡಿಗೆ ಕೂಡಿಕೊಂಡಿದೆ. ಒಂದೇ ಬಿಲ್ಲಿನಲ್ಲಿ 1,200 ರೂಪಾಯಿ ವ್ಯತ್ಯಾಸ, ಎರರ್ ಸಂದೇಶ ಒಂದೂ ಇಲ್ಲ.

ಪರಿಹಾರ ಸುಲಭ. ಪ್ರತಿ ಹೆಸರಿಗೂ ಬ್ರಾಕೆಟ್ ಹಾಕಿ, ಪೂರ್ತಿ ಮ್ಯಾಕ್ರೊಗೂ ಬ್ರಾಕೆಟ್ ಹಾಕಿ:

#ಡಿಫೈನ್ ಉಳಿಕೆ(ಅ, ಬ) ((ಅ) - (ಬ))

ಇನ್ನೂ ಒಳ್ಳೆಯದು ಅಂದರೆ ಮ್ಯಾಕ್ರೊ ಬಿಟ್ಟು ಒಂದು ಸಾಮಾನ್ಯ ಫಂಕ್ಷನ್ ಬರೆಯುವುದು. ವಿಷುಯಲ್ ಫಾಕ್ಸ್‌ಪ್ರೊದಲ್ಲಿ (ಫಾಕ್ಸ್‌ಪ್ರೊದ ವಿಂಡೋಸ್ ಕಾಲದ ಆವೃತ್ತಿ) ಈ ತೊಂದರೆಯ ಒಂದು ಭಾಗ ಇಲ್ಲ. ಅಲ್ಲಿ #ಡಿಫೈನ್‌ಗೆ ಬ್ರಾಕೆಟ್‌ನಲ್ಲಿ ಬೆಲೆ ಕಳಿಸಲು ಬರುವುದೇ ಇಲ್ಲ, ಸ್ಥಿರ ಬೆಲೆ ಮಾತ್ರ.

ಬದಲಾದ ಮೇಲಿನ ಸಾಲನ್ನು ಕಣ್ಣಲ್ಲಿ ನೋಡೋಕೆ ಆಗುತ್ತಾ?

ಆಗುತ್ತದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಕ್ಲಿಪ್ಪರ್ ಕಂಪೈಲರ್‌ಗೆ (ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವ ಸಾಧನ) /ಪಿ ಅಂತ ಕೊಟ್ಟರೆ ಮ್ಯಾಕ್ರೊ ಎಲ್ಲ ಬಿಡಿಸಿದ ಕೋಡನ್ನು ಪಿಪಿಒ ಎಂಬ ಫೈಲ್‌ಗೆ ಬರೆದುಕೊಡುತ್ತದೆ. ಸಿ ಆದರೆ ಜಿಸಿಸಿ ಎಂಬ ಕಂಪೈಲರ್‌ಗೆ -ಇ ಕೊಡಿ. ಆದರೆ ಕ್ಲಿಪ್ಪರ್‌ನ & ಮಾತ್ರ ಇದರಲ್ಲಿ ಬಿಡಿಸಿಕೊಳ್ಳುವುದಿಲ್ಲ, ಅದು ಓಡುವಾಗಲೇ ಬಿಡಿಸಿಕೊಳ್ಳುವಂಥದ್ದು. ಫಾಕ್ಸ್‌ಪ್ರೊದಲ್ಲೂ ಅಷ್ಟೇ. ಅದಕ್ಕೆ & ಬರುವ ಸಾಲಿನ ಮೇಲೆ ಸೆಟ್ ಸ್ಟೆಪ್ ಆನ್ ಹಾಕಿ ನಿಲ್ಲಿಸಿ ಆ ವೇರಿಯೇಬಲ್ ಒಳಗೆ ಏನಿದೆ ನೋಡಿ. ಅಥವಾ ಒಂದು ಮೆಸೇಜ್ ಬಾಕ್ಸ್‌ನಲ್ಲಿ ತೋರಿಸಿ. ವಿಬಿಎಯಲ್ಲಿ ಎಫ್8 ಒತ್ತುತ್ತಾ ಒಂದೊಂದೇ ಸಾಲು ಓಡಿಸಿ. ಕಂಟ್ರೋಲ್ ಮತ್ತು ಜಿ ಒತ್ತಿದರೆ ಬರುವ ಇಮ್ಮೀಡಿಯೆಟ್ ಕಿಟಕಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ವೇರಿಯೇಬಲ್ ಹೆಸರು ಬರೆದರೆ ಬೆಲೆ ಹೇಳುತ್ತದೆ.

ಇದನ್ನೆಲ್ಲ ನಕಲು ಫೋಲ್ಡರ್‌ನಲ್ಲಿ ಮಾಡಿ. ನಡೆಯುತ್ತಿರುವ ಲೆಕ್ಕದ ಮೇಲೆ ಬೇಡ.

ಕೋಡ್‌ನಲ್ಲಿ ವ್ಯಾಟ್ ಅನ್ನೋ ಮ್ಯಾಕ್ರೊ ಇನ್ನೂ ಇದೆ. ತೆಗೆದುಬಿಡಲಾ?

ತಡೀರಿ. ಕರ್ನಾಟಕದಲ್ಲಿ ವ್ಯಾಟ್ ಬಂದಿದ್ದು 2005ರ ಏಪ್ರಿಲ್ 1ಕ್ಕೆ, ಜಿಎಸ್‌ಟಿ ಬಂದಿದ್ದು 2017ರ ಜುಲೈ 1ಕ್ಕೆ. ಅವಸರದಲ್ಲಿ ಎಷ್ಟೋ ಕಡೆ ಹೆಸರು ಹಾಗೇ ಬಿಟ್ಟು ಬೆಲೆ ಮಾತ್ರ ತಿದ್ದಿದ್ದಾರೆ. ಅಂದರೆ ವ್ಯಾಟ್ ಅನ್ನುವ ಹೆಸರಿನ ಒಳಗೆ ಇವತ್ತಿನ ಜಿಎಸ್‌ಟಿ ದರ ಕೂತಿರಬಹುದು. ಹೆಸರು ನೋಡಿ ತೀರ್ಮಾನ ಮಾಡಬೇಡಿ, ಬೆಲೆ ನೋಡಿ.

ಇದರ ಜೊತೆಗೇ ಒಂದು ದೊಡ್ಡ ತೊಂದರೆ ಇದೆ. ತೆರಿಗೆ ದರ ಮ್ಯಾಕ್ರೊ ಸ್ಥಿರವಾಗಿ ಇದ್ದರೆ ಅದು ಒಂದೇ ಬೆಲೆ, ಎಲ್ಲ ತಾರೀಕಿಗೂ ಅದೇ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳು ಬದಲಾದವಲ್ಲ, ಆಗ ಮ್ಯಾಕ್ರೊ ತಿದ್ದಿದವರು ಆಗಸ್ಟ್ ತಿಂಗಳ ಬಿಲ್ಲನ್ನು ಮತ್ತೆ ಪ್ರಿಂಟ್ ಹಾಕಿದರೆ ಹೊಸ ದರದಲ್ಲಿ ಬರುತ್ತದೆ. ಗಿರಾಕಿ ಕೈಲಿರುವ ಬಿಲ್ಲಿಗೂ ನಿಮ್ಮ ನಕಲಿಗೂ ತಾಳೆ ಆಗುವುದಿಲ್ಲ. ದರವನ್ನು "ಈ ತಾರೀಕಿನಿಂದ" ಎಂಬ ಕಾಲಂ ಇರುವ ಟೇಬಲ್‌ಗೆ ಸಾಗಿಸಿ. ಹಳೆ ಕೋಡ್‌ನಲ್ಲಿ ಒಂದೇ ಒಂದು ಸುಧಾರಣೆ ಮಾಡಲು ಸಮಯ ಇದ್ದರೆ ನಾನು ಇದನ್ನೇ ಮಾಡುತ್ತೇನೆ.

ಹೊಸ ಕಂಪ್ಯೂಟರ್ ತಂದ ಮೇಲೆ ಪ್ರೋಗ್ರಾಂ ಓಡ್ತಿಲ್ಲ. ಮ್ಯಾಕ್ರೊ ಕಾರಣವಾ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಈ ಪ್ರಶ್ನೆ ಜಾಸ್ತಿ ಆಗಿದೆ. ಮೊದಲು ಯಾವ ಕಾಲದ ಪ್ರೋಗ್ರಾಂ ನೋಡಿ. ಡಾಸ್ (ವಿಂಡೋಸ್‌ಗೆ ಮೊದಲಿನ ವ್ಯವಸ್ಥೆ) ಕಾಲದ ಫಾಕ್ಸ್‌ಪ್ರೊ, ಕ್ಲಿಪ್ಪರ್ ಆದರೆ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದೇ ಇಲ್ಲ. ವಿಂಡೋಸ್ 11 ಬರೀ 64 ಬಿಟ್‌ನಲ್ಲೇ ಬರುತ್ತದೆ. ಹಳೆ ಡಾಸ್ ಪ್ರೋಗ್ರಾಂ ಓಡಿಸಿಕೊಡುವ ಡಾಸ್‌ಬಾಕ್ಸ್‌ನಂಥದ್ದು ಬೇಕು. ವಿಷುಯಲ್ ಫಾಕ್ಸ್‌ಪ್ರೊ 32 ಬಿಟ್, ಅದು ಓಡುತ್ತದೆ. ಅದಕ್ಕೂ ಬೆಂಬಲ 2015ರಲ್ಲೇ ನಿಂತಿದೆ, ಆದರೆ ಬೆಂಬಲ ನಿಂತ ಮಾತ್ರಕ್ಕೆ ಪ್ರೋಗ್ರಾಂ ನಿಲ್ಲುವುದಿಲ್ಲ.

ಪ್ರೋಗ್ರಾಂ ತೆರೆಯುತ್ತದೆ, ಫೈಲ್ ಮಾತ್ರ ಸಿಗುತ್ತಿಲ್ಲ ಅಂದರೆ ಮ್ಯಾಕ್ರೊ ಮೇಲೆ ಅನುಮಾನ ಪಡಿ. "ಯೂಸ್ &ದಾರಿ" ಅಂತ ಬರೆದಿರುತ್ತಾರೆ. ಹಳೆ ಕಂಪ್ಯೂಟರ್‌ನಲ್ಲಿ ಫೋಲ್ಡರ್ ಹೆಸರು "ಸಿ:\ಮಂಡಿ" ಇತ್ತು. ಹೊಸದರಲ್ಲಿ ಯಾರೋ "ಮಂಡಿ ಲೆಕ್ಕ" ಅಂತ ಇಟ್ಟರು. ನಡುವಿನ ಖಾಲಿ ಜಾಗದಲ್ಲಿ ಸಾಲು ತುಂಡಾಗುತ್ತದೆ. & ತೆಗೆದು "ಯೂಸ್ (ದಾರಿ)" ಅಂತ ಬ್ರಾಕೆಟ್ ಹಾಕಿದರೆ ಸರಿಹೋಗುತ್ತದೆ. ಕೋಡ್ ಇಲ್ಲದಿದ್ದರೆ ಫೋಲ್ಡರ್ ಹೆಸರಿನ ಖಾಲಿ ಜಾಗ ತೆಗೆಯಿರಿ.

ವಾಟ್ಸಾಪ್‌ನಲ್ಲಿ ಬಂದ ಎಕ್ಸೆಲ್ ಫೈಲ್‌ನ ಬಟನ್ ಕೆಲಸ ಮಾಡಲ್ಲ. ಕೆಂಪು ಪಟ್ಟಿ ಬರುತ್ತೆ.

1999ರ ಮಾರ್ಚ್‌ನಲ್ಲಿ ಮೆಲಿಸಾ ಎಂಬ ವೈರಸ್ ವರ್ಡ್ ಮ್ಯಾಕ್ರೊ ಮೂಲಕವೇ ಲೋಕವೆಲ್ಲ ಹರಡಿತ್ತು. ಅದೇ ದಾರಿ ಹಿಡಿದು ಆಮೇಲೂ ಎಷ್ಟೋ ಬಂದವು. 2022ರಿಂದ ಮೈಕ್ರೋಸಾಫ್ಟ್ ಇಂಟರ್‌ನೆಟ್‌ನಿಂದ ಬಂದ ಫೈಲ್‌ಗಳ ಮ್ಯಾಕ್ರೊಗಳನ್ನು ತಾನಾಗೇ ತಡೆಯುತ್ತಿದೆ. ಕಳಿಸಿದವರಿಗೆ ಫೋನ್ ಮಾಡಿ "ನೀವೇ ಕಳಿಸಿದ್ದಾ" ಅಂತ ಕೇಳಿ. ಹೌದು ಅಂದರೆ ಫೈಲ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಅನ್‌ಬ್ಲಾಕ್. ಎಲ್ಲ ಮ್ಯಾಕ್ರೊಗೂ ಒಪ್ಪಿಗೆ ಕೊಡುವ ಸೆಟ್ಟಿಂಗ್ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ.

ಇನ್ನೊಂದು: ಫೈಲನ್ನು ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಸೇವ್ ಮಾಡಿದರೆ ಮ್ಯಾಕ್ರೊ ಹೋಗಿಬಿಡುತ್ತದೆ. ಎಕ್ಸ್‌ಎಲ್‌ಎಸ್‌ಎಂ ಆಗಿ ಇಡಿ.

ನೆನ್ನೆ ತನಕ ಸರಿಯಿದ್ದ ಎಕ್ಸೆಲ್ ಮ್ಯಾಕ್ರೊ ಇವತ್ತು ಬೇರೆ ಶೀಟನ್ನು ಅಳಿಸಿಹಾಕಿತು. ಯಾಕೆ?

ರೆಕಾರ್ಡ್ ಮಾಡಿದ ಮ್ಯಾಕ್ರೊ ಇರಬೇಕು. ರೆಕಾರ್ಡರ್ "ಈಗ ತೆರೆದಿರುವ ಶೀಟು", "ಈಗ ಆರಿಸಿರುವ ಕೋಶ" ಅಂತಲೇ ಬರೆದುಕೊಳ್ಳುತ್ತದೆ. ಕೋಡ್‌ನಲ್ಲಿ ಆಕ್ಟಿವ್‌ಶೀಟ್, ಸೆಲೆಕ್ಷನ್ ಅನ್ನುವ ಪದಗಳು ಕಂಡರೆ ಅದೇ. ನೀವು ರಿಜಿಸ್ಟರ್ ಶೀಟಿನಲ್ಲಿ ನಿಂತು ಬಟನ್ ಒತ್ತಿದರೆ ರಿಜಿಸ್ಟರ್ ಅಳಿಸುತ್ತದೆ. ಮ್ಯಾಕ್ರೊ ಮಾಡಿದ ಕೆಲಸಕ್ಕೆ ಕಂಟ್ರೋಲ್ ಝಡ್ ನಡೆಯುವುದಿಲ್ಲ ಅನ್ನುವುದು ನೆನಪಿರಲಿ. ಆ ಜಾಗದಲ್ಲೆಲ್ಲ ಶೀಟಿನ ಹೆಸರು ಬರೆದು ಗಟ್ಟಿ ಮಾಡಿ.

ಸೀಸನ್ ನಡುವೆ "ಓವರ್‌ಫ್ಲೋ" ಅಂತ ಬಂದು ನಿಂತುಹೋಗುತ್ತೆ.

ಸಾಲು ಎಣಿಸುವ ವೇರಿಯೇಬಲ್ ಇಂಟಿಜರ್ ಅಂತ ಇರುತ್ತದೆ. ವಿಬಿಎಯಲ್ಲಿ ಇಂಟಿಜರ್ 32,767 ದಾಟುವುದಿಲ್ಲ. ಅದನ್ನು ಲಾಂಗ್ ಅಂತ ಬದಲಾಯಿಸಿ. ಬೇರೇನೂ ಬೇಕಿಲ್ಲ.

ತಾರೀಕು ತಿರುವುಮುರುವು ಆಗುತ್ತೆ, ಅದೂ ಕೆಲವು ಮಾತ್ರ.

ಸಿಎಸ್‌ವಿ ಫೈಲನ್ನು (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಅಕ್ಷರದ ಫೈಲ್) ಮ್ಯಾಕ್ರೊ ತೆರೆದಾಗ ವಿಬಿಎ ಅಮೆರಿಕದ ಪದ್ಧತಿಯಲ್ಲಿ ಓದುತ್ತದೆ, ತಿಂಗಳು ಮೊದಲು. 05/07/2025 ಅಂದರೆ ನಮಗೆ ಜುಲೈ 5, ಅದಕ್ಕೆ ಮೇ 7. ಆದರೆ 13/07/2025 ಬಂದರೆ 13ನೇ ತಿಂಗಳು ಇಲ್ಲವಲ್ಲ, ಅದನ್ನು ಬರೀ ಅಕ್ಷರವಾಗಿ ಬಿಟ್ಟುಬಿಡುತ್ತದೆ. ಹಾಗಾಗಿ ತಿಂಗಳ ಮೊದಲ 12 ದಿನ ತಪ್ಪು ತಾರೀಕು, ಉಳಿದವು ತಾರೀಕೇ ಅಲ್ಲ. ಫೈಲ್ ತೆರೆಯುವ ಸಾಲಿನಲ್ಲಿ ಲೋಕಲ್ ಎಂಬುದನ್ನು ಟ್ರೂ ಮಾಡಿ.

ಸೊಸೈಟಿಯವರು ಠೇವಣಿ ಮುಗಿಯುವ ಇಸವಿಯನ್ನು ಎರಡೇ ಅಂಕಿಯಲ್ಲಿ ಹಾಕುವುದನ್ನು ಇವತ್ತೇ ನಿಲ್ಲಿಸಿ. ಎಷ್ಟೋ ಕಂಪ್ಯೂಟರ್‌ಗಳಲ್ಲಿ 29ರವರೆಗೆ 2000ದ ಇಸವಿ, 30ರಿಂದ ಮುಂದಕ್ಕೆ 1900ರ ಇಸವಿ. 31-03-30 ಅಂದರೆ 1930 ಆಗುತ್ತದೆ.

ಕೋಡ್ ಒಳಗೆ ಕನ್ನಡ ಬರೆದರೆ ಬರೀ ??? ಬರುತ್ತೆ ಅಲ್ವಾ?

ಹೌದು. ವಿಬಿಎ ಎಡಿಟರ್‌ಗೆ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಒಂದೇ ಪದ್ಧತಿ) ಬರುವುದಿಲ್ಲ. ಶೀಟಿನ ಕೋಶದಲ್ಲಿ ಕನ್ನಡ ಚೆನ್ನಾಗೇ ಇರುತ್ತದೆ, ಎಡಿಟರ್‌ನಲ್ಲಿ ಮಾತ್ರ ಪ್ರಶ್ನಾರ್ಥಕ ಚಿಹ್ನೆ. ಸುಲಭದ ದಾರಿ ಅಂದರೆ "ರೈತರ ಹೆಸರು", "ಒಟ್ಟು ಬಾಕಿ" ಮುಂತಾದ ಪದಗಳನ್ನೆಲ್ಲ ಒಂದು ಶೀಟಿನಲ್ಲಿ ಬರೆದಿಟ್ಟು ಮ್ಯಾಕ್ರೊ ಅಲ್ಲಿಂದ ತೆಗೆದುಕೊಳ್ಳುವಂತೆ ಮಾಡುವುದು. ಇಂಗ್ಲಿಷ್‌ನಲ್ಲೇ ಇರಲಿ ಬಿಡಿ ಅನ್ನಬೇಡಿ. ಬಿಲ್ಲು ಓದುವವರು ರೈತರು.

ಹಳೆ ನುಡಿ, ಬರಹ ಫಾಂಟಿನಲ್ಲಿ ತುಂಬಿದ ಹೆಸರುಗಳು ಬೇರೆ ಕಥೆ. ಅವು ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗೇ ಇರುತ್ತವೆ. ಹುಡುಕುವ ಮ್ಯಾಕ್ರೊಗೆ ಯೂನಿಕೋಡ್ ಹೆಸರು ಕೊಟ್ಟರೆ ಸಿಗುವುದಿಲ್ಲ. ಮೊದಲು ಪೂರ್ತಿ ಪಟ್ಟಿಯನ್ನು ಯೂನಿಕೋಡ್‌ಗೆ ಪರಿವರ್ತಿಸಿ.

ಎಕ್ಸ್‌ಇ ಫೈಲ್ ಮಾತ್ರ ಇದೆ, ಕೋಡ್ ಇಲ್ಲ.

ಡೇಟಾ ನಿಮ್ಮದೇ ಅಲ್ವಾ, ಅದರಿಂದ ಶುರುಮಾಡಿ. ಡಿಬಿಎಫ್ ಫೈಲ್‌ಗಳ ನಕಲನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದು ಓದಬಹುದು. ಅಲ್ಲಿಂದ ಮೂಲ ಫೈಲ್ ಮೇಲೆ ಸೇವ್ ಮಾಡಬೇಡಿ, ಇಂಡೆಕ್ಸ್ (ಬೇಗ ಹುಡುಕಲು ಇಟ್ಟುಕೊಂಡ ಪಟ್ಟಿ) ತಾಳ ತಪ್ಪುತ್ತದೆ. ಫಾಕ್ಸ್‌ಪ್ರೊ ಎಕ್ಸ್‌ಇಯಿಂದ ಕೋಡ್ ಹೊರತೆಗೆಯುವ ಉಪಕರಣಗಳು ಇವೆ. ಬರೆದವರ ಒಪ್ಪಿಗೆ ಪಡೆದೇ ಬಳಸಿ.

ಎಐಗೆ ಕೋಡ್ ಕೊಟ್ಟು ವಿವರಣೆ ಕೇಳಬಹುದಾ?

ಕೇಳಿ, ಉಪಯೋಗ ಆಗುತ್ತದೆ. ಆದರೆ "&ಸೂ" ಒಳಗೆ ಏನಿದೆ ಅನ್ನುವುದು ನಿಮ್ಮ ಟೇಬಲ್‌ನಲ್ಲಿದೆ, ಅದು ಎಐಗೆ ಕಾಣುವುದಿಲ್ಲ. ಅಲ್ಲಿ ಅದು ಊಹೆಯನ್ನೇ ಧೈರ್ಯವಾಗಿ ಹೇಳಿಬಿಡಬಹುದು. ರೈತರ ಹೆಸರು, ಬ್ಯಾಂಕ್ ಖಾತೆ ಇರುವ ಫೈಲ್ ಮಾತ್ರ ಅಪ್‌ಲೋಡ್ ಮಾಡಬೇಡಿ.

ಫಾಕ್ಸ್‌ಪ್ರೊ ಲೆಕ್ಕವನ್ನು ಎಕ್ಸೆಲ್‌ಗೆ ತಂದೆವು. ಕೆಲವು ಬಿಲ್ಲಿನಲ್ಲಿ ಒಂದು ರೂಪಾಯಿ ವ್ಯತ್ಯಾಸ. ಬಿಟ್ಟುಬಿಡೋದಾ?

ಬಿಡಬೇಡಿ, ಅದರ ಕಾರಣ ಸ್ಪಷ್ಟವಾಗಿದೆ. ವಿಬಿಎಯ ರೌಂಡ್ ಸರಿಯಾಗಿ 50 ಪೈಸೆ ಬಂದಾಗ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ. 152.50 ಇದ್ದರೆ 152, 153.50 ಇದ್ದರೆ 154. ಫಾಕ್ಸ್‌ಪ್ರೊದ ರೌಂಡ್ ಹಾಗಲ್ಲ, 152.50 ಇದ್ದರೆ 153. ಶೀಟಿನ ಕೋಶದಲ್ಲಿ ಬರೆಯುವ ರೌಂಡ್ ಕೂಡ 153 ಅನ್ನುತ್ತದೆ. ಹಾಗಾಗಿ ಮ್ಯಾಕ್ರೊ ಒಳಗೆ ವಿಬಿಎ ರೌಂಡ್ ಬದಲು ವರ್ಕ್‌ಶೀಟ್‌ಫಂಕ್ಷನ್.ರೌಂಡ್ ಬಳಸಿ.

ಹಾಗೇ "ಆನ್ ಎರರ್ ರೆಸ್ಯೂಮ್ ನೆಕ್ಸ್ಟ್" ಅನ್ನುವ ಸಾಲು ಎಲ್ಲಿದೆ ಹುಡುಕಿ. ತಪ್ಪಾದರೂ ಸುಮ್ಮನೆ ಮುಂದೆ ಹೋಗು ಅಂತ ಅದರ ಅರ್ಥ. ಪರೀಕ್ಷೆ ಮಾಡುವಾಗ ಅದನ್ನು ಟಿಪ್ಪಣಿ ಮಾಡಿ ತಡೆಯಿರಿ. ಆಮೇಲೆ ಜೂನ್, ಜುಲೈ ಸೀಸನ್‌ನ ಒಂದು ಗಿಜಿಗಿಜಿ ದಿನದ ಹಳೆ ಬಿಲ್ಲುಗಳ ಕಟ್ಟು ತೆಗೆದು, ಒಂದೊಂದನ್ನೂ ಹೊಸದರಲ್ಲಿ ಹಾಕಿ ತಾಳೆ ನೋಡಿ. ಅಂದಿನ ದರ, ಅಂದಿನ ಹಮಾಲಿ, ಅಂದಿನ ಬಾಕಿ ಎಲ್ಲ ಸೇರಿಸಿ. ಪೈಸೆ ತನಕ ಕೂಡಿ ಬಂದ ದಿನ ಹಳೆಯದನ್ನು ನಿಲ್ಲಿಸಬಹುದು. ಅಲ್ಲಿ ತನಕ ಎರಡೂ ಜೊತೆಯಲ್ಲಿ ಓಡಲಿ.